ಗಾರೆಯ ಗೋಡೆಯೂ ಗುತ್ತಿಗೆಯ ಕರಾರೂ

ಕಲ್ಲಿನ ಕಟ್ಟಡವು ಕಟ್ಟಿದವನ ಕೀರ್ತಿಯನ್ನು ಸಾರುವುದು. ಗಾರೆಯ ಕಟ್ಟಡವಾದರೋ ಅದನ್ನು ಕಾಪಾಡಿಕೊಂಡು ಬಂದವರ ಶ್ರದ್ಧೆಯನ್ನು ಸಾರುವುದು. ಕಲ್ಲು ಒಂದು ತಲೆಮಾರಿನ ಅಲಕ್ಷ್ಯವನ್ನು ಸಹಿಸೀತು. ಗಾರೆಯು ಕೆಲವೇ ಮಳೆಗಾಲಗಳ ಅಲಕ್ಷ್ಯವನ್ನೂ ಸಹಿಸದು. ಈ ಮಾತಿಗೆ ಲಂಡನ್ ನಗರದ ರೀಜೆಂಟ್ ಸ್ಟ್ರೀಟ್ ಎಂಬ ಅಂಗಡಿಬೀದಿಯ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಶಿಲ್ಪಿಗಳಿಗೆ ಒಂದು ಹಂಬಲವಿದ್ದಿತು. ಒಳ್ಳೆಯ ಕಲ್ಲನ್ನು ದೂರದ ಗಣಿಗಳಿಂದ ತರಿಸುವುದು ಬಹು ವೆಚ್ಚದ ಕೆಲಸ. ಇಟ್ಟಿಗೆಯಾದರೋ ಊರ ಬಳಿಯಲ್ಲಿಯೇ ಸುಲಭವಾಗಿ ದೊರೆಯುವ ವಸ್ತು. ಆದುದರಿಂದ ಇಟ್ಟಿಗೆಯ ಗೋಡೆಗೆ ಗಾರೆ ಬಳಿದು, ಅದರ ಮೇಲೆ ಕಲ್ಲಿನ ಸಂದುಗಳಂತೆ ಗೆರೆ ಕೊರೆದು, ನೋಡುವವರ ಕಣ್ಣಿಗೆ ಕಲ್ಲಿನ ಅರಮನೆಯನ್ನು ತೋರಿಸುವ ಉಪಾಯವನ್ನು ಅವರು ಅರಸಿದರು. 1773ರಲ್ಲಿ ಲಿಯಾರ್ಡೆ ಎಂಬವನು ಎಣ್ಣೆ ಬೆರೆಸಿದ ಒಂದು ಗಾರೆಗೆ ಸರಕಾರದಿಂದ ಹಕ್ಕನ್ನು ಪಡೆದನು. ಪ್ರಸಿದ್ಧ ಶಿಲ್ಪಿಗಳಾದ ಆಡಮ್ ಸಹೋದರರು ಆ ಹಕ್ಕನ್ನು ಕೊಂಡು, 1778ರಲ್ಲಿ ಅದಕ್ಕಾಗಿ ನ್ಯಾಯಸ್ಥಾನದಲ್ಲಿ ಹೋರಾಡಿ ಗೆದ್ದರು. ನ್ಯಾಯಸ್ಥಾನದಲ್ಲಿ ಗೆದ್ದ ಗಾರೆಯು ಗೋಡೆಯ ಮೇಲೆ ಗೆಲ್ಲಲಿಲ್ಲ. ಕೆಲವು ವರ್ಷಗಳಲ್ಲಿಯೇ ಬಿರುಕು ಬಿಟ್ಟು ಕಳಚಿತು. 1796ರಲ್ಲಿ ಪಾರ್ಕರ್ ಎಂಬವನು ಶೆಪ್ಪಿ ದ್ವೀಪದ ಕಡಲತಡಿಯ ಜೇಡಿಯಲ್ಲಿ ದೊರೆಯುವ ಸುಣ್ಣದ ಉಂಡೆಗಲ್ಲುಗಳನ್ನು ಸುಟ್ಟು ಪುಡಿಮಾಡಿ ಹೊಸದೊಂದು ಸಿಮೆಂಟಿಗೆ ಹಕ್ಕು ಪಡೆದನು. ಅದಕ್ಕೆ ‘ರೋಮನ್ ಸಿಮೆಂಟ್’ ಎಂಬ ಹೆಸರಾಯಿತು. ಪ್ರಾಚೀನ ರೋಮಿನವರ ಗಾರೆಗೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲದಿದ್ದರೂ ಅದು ನಿಮಿಷಗಳಲ್ಲಿ ಗಟ್ಟಿಯಾಗುತ್ತಿದ್ದಿತು, ನೀರನ್ನೂ ತಡೆಯುತ್ತಿದ್ದಿತು.

ಈ ಅನುಕೂಲವನ್ನು ಜಾನ್ ನ್ಯಾಷ್ ಎಂಬ ಶಿಲ್ಪಿಯು ಪೂರ್ಣವಾಗಿ ಬಳಸಿಕೊಂಡನು. ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ಯುವರಾಜನ ಆಶ್ರಯದಲ್ಲಿ, 1813ರ ಶಾಸನದ ಆಧಾರದಿಂದ, ಹೊಸ ರಾಜಬೀದಿಯೊಂದು ರೂಪುಗೊಂಡಿತು. ಬೀದಿಯ ಬಾಗಿದ ಭಾಗವನ್ನು ಒಟ್ಟಾಗಿ ಕಟ್ಟಿಸುವ ಹೊಣೆಯನ್ನು ನ್ಯಾಷ್ ತಾನೇ ವಹಿಸಿಕೊಂಡು, ಕೆಲಸದವರಿಗೆ ಹಣಕ್ಕೆ ಬದಲಾಗಿ ಮನೆಗಳ ಗುತ್ತಿಗೆಯನ್ನೇ ಕೊಟ್ಟನು. ಎರಕದ ಕಬ್ಬಿಣದ ಕಂಬಸಾಲು, ಅದರ ನೆರಳಿನಲ್ಲಿ ಅಂಗಡಿಗಳು, ಮೇಲೆ ಗಾರೆಯ ಮೋರೆ. ಇಷ್ಟರಿಂದ ಲಂಡನ್ನಿಗೆ ಒಂದು ಹೊಸ ಕಳೆ ಬಂದಿತು. ಒಳಗೆ ಇಟ್ಟಿಗೆ, ಹೊರಗೆ ಲೇಪ ಎಂದು ಅಣಕವಾಡಿದವರೂ ಇಲ್ಲದಿರಲಿಲ್ಲ.

ಅಣಕವಾಡಿದವರು ಕಾಣದ ಸಂಗತಿಯೊಂದಿದ್ದಿತು. ಬೀದಿಯ ನೆಲವೆಲ್ಲವೂ ರಾಜಸಂಸ್ಥೆಯ ಸೊತ್ತು. ಅಂಗಡಿಗಾರರು 99 ವರ್ಷಗಳ ಗುತ್ತಿಗೆದಾರರು. ಹೊರಗೋಡೆಯನ್ನು ಗೊತ್ತಾದ ವರ್ಷಗಳಿಗೊಮ್ಮೆ ಬಣ್ಣ ಹಾಕಿಸಿ ದುರಸ್ತಾಗಿಡಬೇಕೆಂಬುದು ಇಂಥ ಗುತ್ತಿಗೆಪತ್ರಗಳ ಕರಾರಾಗಿದ್ದಿತು. ಮೊದಮೊದಲು ಸುಣ್ಣದ ನೀರಿಗೆ ಅನ್ನಭೇದಿಯನ್ನೋ ಹಳದಿ ಮಣ್ಣನ್ನೋ ಬೆರೆಸಿ ಕಲ್ಲಿನ ಬಣ್ಣವನ್ನು ತರಿಸುತ್ತಿದ್ದರು. ತರುವಾಯ ಅಗಸೆಯೆಣ್ಣೆಯ ಬಣ್ಣವು ರೂಢಿಗೆ ಬಂದಿತು. ನಗರದ ಕಲ್ಲಿದ್ದಲ ಹೊಗೆಯು ಗೋಡೆಗಳನ್ನು ಬಹು ಬೇಗ ಕಪ್ಪಾಗಿಸುತ್ತಿದ್ದುದರಿಂದ ಈ ಕರಾರು ಕೇವಲ ಅಲಂಕಾರದ ಮಾತಾಗಿರಲಿಲ್ಲ.

ಗಾರೆಗೆ ಇಷ್ಟು ಉಪಚಾರವೇಕೆ ಎಂಬುದನ್ನು ಅನುಭವಿಗಳಾದ ಗಾರೆಯವರು ಚೆನ್ನಾಗಿ ಬಲ್ಲರು. ಗೋಡೆಯ ಶತ್ರುವು ಎದುರಿಗೆ ಬಂದು ಬಡಿಯುವ ಮಳೆಯಲ್ಲ. ಹಿಂದಿನಿಂದ ನುಸುಳುವ ನೀರು. ಮೇಲ್ಗಡೆಯ ಚಾಚುಪಟ್ಟಿಯಲ್ಲಿ ಒಂದು ಸಂದು ಬಿಟ್ಟರೆ, ನೀರು ಹೋಗುವ ದೋಣಿಯಲ್ಲಿ ಕಸ ಕಟ್ಟಿಕೊಂಡರೆ, ನೀರು ಗಾರೆಗೂ ಇಟ್ಟಿಗೆಗೂ ನಡುವೆ ಇಳಿಯುವುದು. ಚಳಿಯ ದೇಶದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಗಾರೆಯನ್ನು ಗೋಡೆಯಿಂದ ಎಬ್ಬಿಸುವುದು. ಹೊರಗೆ ಮೋರೆಯು ಸ್ವಸ್ಥವಾಗಿಯೇ ಕಾಣುತ್ತಿದ್ದರೂ ಬೆರಳಿನಿಂದ ತಟ್ಟಿದರೆ ಟೊಳ್ಳಿನ ಸದ್ದು ಕೇಳಿಸುವುದು. ಆಗಲೇ ಆ ಭಾಗವನ್ನು ಗಟ್ಟಿ ಗೋಡೆ ಸಿಕ್ಕುವವರೆಗೆ ಕೆತ್ತಿ, ಮೊದಲಿನ ಜಾತಿಯ ಗಾರೆಯಿಂದಲೇ ತುಂಬಬೇಕು. ಮೆದುವಾದ ಸುಣ್ಣದ ಗಾರೆಗೆ ಬಿರುಸಾದ ಸಿಮೆಂಟಿನ ತೇಪೆ ಹಾಕಿದರೆ ಒಳಗಿನ ತೇವವು ಹೊರಬರಲು ದಾರಿ ಕಾಣದೆ ಪಕ್ಕದ ಗೋಡೆಯನ್ನು ಕೆಡಿಸುವುದು. ಹುಳುಕನ್ನು ಬಣ್ಣದಿಂದ ಮುಚ್ಚುವುದಾದರೋ ರೋಗವನ್ನು ಅಂಗಿಯಿಂದ ಮುಚ್ಚಿದಂತೆಯೇ ಸರಿ.

ಇಷ್ಟೆಲ್ಲ ಕರಾರಿದ್ದೂ ರೀಜೆಂಟ್ ಸ್ಟ್ರೀಟಿನ ಗಾರೆಯ ಮನೆಗಳು ಇಂದು ಉಳಿದಿಲ್ಲ. ಕಂಬಸಾಲಿನಿಂದ ಅಂಗಡಿಗೆ ಬೆಳಕಿಲ್ಲ, ಅದರ ನೆರಳಿನಲ್ಲಿ ಕೆಟ್ಟ ಜನ ಸೇರುತ್ತಾರೆ ಎಂಬ ದೂರಿನ ಮೇರೆಗೆ 1848ರಲ್ಲಿಯೇ ಅದನ್ನು ಕಿತ್ತುಹಾಕಿದರು. ಶತಮಾನವು ಮುಗಿಯುತ್ತ ಬಂದಂತೆ ಗುತ್ತಿಗೆಗಳ ಅವಧಿಯೂ ತೀರುತ್ತ ಬಂದಿತು. ವ್ಯಾಪಾರವು ಬೆಳೆದು ವರ್ತಕರಿಗೆ ವಿಶಾಲವಾದ ಅಂತಸ್ತುಗಳೂ ದೊಡ್ಡ ಗಾಜಿನ ಕಿಟಕಿಗಳೂ ಬೇಕಾದುವು. ಒಡೆಯನಿಗೆ ಹೆಚ್ಚಿನ ಬಾಡಿಗೆ ಬೇಕಾಯಿತು. ಮೊದಲು ನಾರ್ಮನ್ ಷಾ, ತರುವಾಯ ರೆಜಿನಾಲ್ಡ್ ಬ್ಲಾಮ್‌ಫೀಲ್ಡ್ ಮೊದಲಾದವರು ಹೊಸ ನಕಾಶೆಗಳನ್ನು ಮಾಡಿದರು. ಪೋರ್ಟ್‌ಲೆಂಡ್ ಕಲ್ಲಿನ ಹೊಸ ಬೀದಿಯು ಮುಗಿದು, 1927ರಲ್ಲಿ ಐದನೆಯ ಜಾರ್ಜ್ ದೊರೆಯು ರಾಣಿಯೊಡನೆ ಅದರಲ್ಲಿ ಸವಾರಿ ಮಾಡಿದನು. ನ್ಯಾಷ್ ಕಟ್ಟಿದವುಗಳಲ್ಲಿ ಬೀದಿಯ ಉತ್ತರದ ತುದಿಯ ಆಲ್ ಸೋಲ್ಸ್ ಚರ್ಚು ಮಾತ್ರ ಉಳಿಯಿತು. ಅದು ಬಾತ್ ಕಲ್ಲಿನದು.

ಗಾರೆಯು ನಿಲ್ಲದ ವಸ್ತು, ಅದರಿಂದಲೇ ಬೀದಿ ಹಾಳಾಯಿತು ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಅದೇ ನ್ಯಾಷನ ಯೋಜನೆಯಲ್ಲಿ, ಅದೇ ಕಾಲದಲ್ಲಿ, ರೀಜೆಂಟ್ಸ್ ಪಾರ್ಕಿನ ಸುತ್ತ ಗಾರೆಯ ಮನೆಸಾಲುಗಳು ಎದ್ದವು. ಎರಡನೆಯ ಮಹಾಯುದ್ಧದಲ್ಲಿ ಅವು ಬಾಂಬಿಗೆ ಸಿಕ್ಕಿ, ದುರಸ್ತಿಯಿಲ್ಲದೆ ಶಿಥಿಲವಾಗಿದ್ದವು. ಲಾರ್ಡ್ ಗೊರೆಲ್ಲನ ಅಧ್ಯಕ್ಷತೆಯ ಸಮಿತಿಯು 1947ರಲ್ಲಿ ಅವುಗಳನ್ನು ಉಳಿಸಬೇಕೆಂದು ವರದಿ ಮಾಡಿತು. ಮುಂದಿನ ದಶಕಗಳಲ್ಲಿ ಅವು ಜೀರ್ಣೋದ್ಧಾರವಾಗಿ ಇಂದಿಗೂ ಒಂದೇ ಕೆನೆಬಣ್ಣದಿಂದ ಬೆಳಗುತ್ತಿವೆ. ಒಂದೇ ಒಡೆಯ, ಒಂದೇ ಶಿಲ್ಪಿ, ಒಂದೇ ಗಾರೆ; ಒಂದು ಅಳಿಯಿತು, ಇನ್ನೊಂದು ಉಳಿಯಿತು. ಭೇದವು ವಸ್ತುವಿನಲ್ಲಿರಲಿಲ್ಲ, ಉಳಿಸುವ ಇಚ್ಛೆಯಲ್ಲಿದ್ದಿತು.

ಈ ವಿಚಾರವು ಕನ್ನಡನಾಡಿಗೆ ಹೊರಗಿನದಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವೂ ದೇವರಾಜ ಮಾರುಕಟ್ಟೆಯೂ ಸಾರ್ವಜನಿಕ ಸೊತ್ತುಗಳು. ಅವುಗಳಲ್ಲಿ ಅಂಗಡಿಯಿಟ್ಟವರು ಬಾಡಿಗೆದಾರರು. 2012ರ ಆಗಸ್ಟಿನಲ್ಲಿ ಮೊದಲನೆಯದರ ಒಂದು ಭಾಗವು ಕುಸಿದು ನಾಲ್ವರು ಪ್ರಾಣ ಬಿಟ್ಟರು. 2016ರ ಆಗಸ್ಟಿನಲ್ಲಿ ಎರಡನೆಯದರ ಉತ್ತರದ ಹೆಬ್ಬಾಗಿಲು ಬಿದ್ದಿತು. ಒಡೆಯನು ಒಬ್ಬ, ಅನುಭವಿಸುವವನು ಇನ್ನೊಬ್ಬ ಆದಲ್ಲಿ, ಗೋಡೆಯ ಹೊಣೆ ಯಾರದೆಂಬುದನ್ನು ಮೊದಲೇ ಬರೆದಿಟ್ಟು, ಬರೆದಂತೆ ನಡೆಸಬೇಕು. ಪ್ರತಿ ಮಳೆಗಾಲಕ್ಕೆ ಮುನ್ನ ಒಬ್ಬನು ಏಣಿ ಹತ್ತಿ ನೀರಿನ ದೋಣಿಯ ಕಸ ತೆಗೆದು, ಗೋಡೆಯನ್ನು ತಟ್ಟಿ ನೋಡಿ, ಸಣ್ಣ ಬಿರುಕನ್ನು ಸಣ್ಣದಾಗಿರುವಾಗಲೇ ಮುಚ್ಚುವುದಕ್ಕೆ ತಗಲುವ ವೆಚ್ಚವು ಅಲ್ಪ. ಅದನ್ನು ಉಳಿಸಹೋಗಿ ತೆರುವ ಬೆಲೆಯು ಹಣದಿಂದ ಅಳೆಯತಕ್ಕದ್ದಲ್ಲ.