ಬೆರಳ ಹರಕೆ

ರಾಜಾಜಿನಗರ, ವಿಜಯನಗರಗಳ ಬೀದಿಗಳಲ್ಲಿ ಇಂದು ಹಚ್ಚೆ ಹಾಕುವ ಅಂಗಡಿಗಳನ್ನು ಕಾಣುತ್ತೇವೆ. ಹಚ್ಚೆಗೆ ತೃಪ್ತರಾಗದೆ ನಾಲಿಗೆಯನ್ನೇ ಎರಡಾಗಿ ಸೀಳಿಸಿಕೊಳ್ಳುವವರೂ ಉಂಟು. 2024ರ ಡಿಸೆಂಬರಿನಲ್ಲಿ ತಿರುಚಿರಾಪಳ್ಳಿಯಲ್ಲಿ ಇಂತಹ ಕೆಲಸದಲ್ಲಿ ತೊಡಗಿದ್ದವರನ್ನು ಪೊಲೀಸರು ಬಂಧಿಸಿದರು. ಇದೆಲ್ಲ ಈ ಕಾಲದ ಹುಚ್ಚೆಂದು ಹಿರಿಯರು ಹೇಳುವುದುಂಟು. ನಮ್ಮ ನಾಡಿನ ಇತಿಹಾಸವು ಈ ಮಾತನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ.

ಬೆಂಗಳೂರಿನ ಪೂರ್ವಕ್ಕಿರುವ ಕೋಲಾರ ಸೀಮೆಯಲ್ಲಿ, ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಹಿಂದೆ ವಿಲಕ್ಷಣವಾದ ಹರಕೆಯೊಂದಿತ್ತು. ಹಿರಿಯ ಮಗಳ ಕಿವಿ ಚುಚ್ಚಿಸುವ ಮುನ್ನ ತಾಯಿಯಾದವಳು ತನ್ನ ಬಲಗೈಯ ಉಂಗುರಬೆರಳು ಮತ್ತು ಕಿರುಬೆರಳುಗಳ ತುದಿಗೆಣ್ಣುಗಳನ್ನು ಭೈರವನಿಗೆ ಅರ್ಪಿಸಬೇಕಿತ್ತು. ಊರಿನ ಕಮ್ಮಾರನು ಉಳಿಯಿಂದ ಅವನ್ನು ಕತ್ತರಿಸುತ್ತಿದ್ದನು. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಪದ್ಧತಿಯನ್ನು ದಾಖಲಿಸಿದ್ದಾನೆ, ಬಿ. ಎಲ್. ರೈಸ್ ತನ್ನ ಗೆಜೆಟಿಯರಿನಲ್ಲಿ ಇದರ ವಿವರ ನೀಡಿದ್ದಾನೆ.

ಇದರ ಹಿಂದಿನ ಕಥೆ ಹೀಗಿದೆ. ವರಬಲದಿಂದ ಮತ್ತನಾದ ವೃಕಾಸುರನು ಶಿವನನ್ನೇ ಬೆನ್ನಟ್ಟಿದನು. ಶಿವನು ಅಡಗಿದ್ದ ತಾಣವನ್ನು ಒಬ್ಬ ಒಕ್ಕಲಿಗನು ಬಾಯಿಂದ ಹೇಳದೆ ಕಿರುಬೆರಳಿನಿಂದ ತೋರಿಸಿದನು. ಅಸುರನು ಮೋಹಿನಿಯಿಂದ ನಾಶವಾದ ಮೇಲೆ ಶಿವನು ಆ ಬೆರಳನ್ನು ಕತ್ತರಿಸಲು ಮುಂದಾದನು. ಆಗ ಹೊಲಕ್ಕೆ ಊಟ ತಂದಿದ್ದ ಹೆಂಡತಿ, ಗಂಡನ ಕೈ ಕೆಟ್ಟರೆ ಬೇಸಾಯ ನಿಂತು ಮನೆಮಂದಿ ಉಪವಾಸ ಬೀಳುವರೆಂದು ಬೇಡಿ, ಅವನ ಒಂದು ಬೆರಳಿಗೆ ಬದಲಾಗಿ ತನ್ನ ಎರಡು ಬೆರಳುಗಳನ್ನು ನೀಡಲು ಒಪ್ಪಿದಳು. ತಪ್ಪು ಗಂಡನದು, ದಂಡ ಹೆಂಡತಿಯದು, ಅದೂ ಇಮ್ಮಡಿ! ಕಥೆಯನ್ನು ಕಟ್ಟಿದವರಿಗೆ ಇದು ಅನ್ಯಾಯವೆಂದು ತೋರಿದಂತಿಲ್ಲ.

ಆದರೂ ಈ ಕಥೆಯಲ್ಲೇ ಒಂದು ಉತ್ತರವಿದೆ. ಆ ತಾಯಂದಿರು ನೋವನ್ನು ಬಯಸಿದವರಲ್ಲ. ಕುಲದ ಹಳೆಯ ಋಣವನ್ನು ತೀರಿಸದಿದ್ದರೆ ಮಗುವಿಗೆ ಕೇಡಾದೀತೆಂಬ ಭಯ ಒಂದೆಡೆ. ಬೆರಳು ಕೊಟ್ಟವಳು ಕುಲದವಳೆಂಬ ಗುರುತು ಇನ್ನೊಂದೆಡೆ. ನಾಲಿಗೆ ಸೀಳಿಸಿಕೊಳ್ಳುವ ಇಂದಿನ ತರುಣನಿಗೆ ಕುಲದ ಋಣವಿಲ್ಲ. ಗುರುತಿನ ಹಂಬಲ ಮಾತ್ರ ಉಳಿದಿದೆ ಎಂದು ನನಗೆ ತೋರುತ್ತದೆ.

ನಮ್ಮ ಮುನಿಗಳ ಕೇಶಲೋಚವನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಅದು ಸರಿಯಲ್ಲ. ಲೋಚದಲ್ಲಿ ಅಂಗಚ್ಛೇದವಿಲ್ಲ, ಯಾವ ದೇವತೆಗೂ ಸಲ್ಲಿಸುವ ಕಾಣಿಕೆಯಿಲ್ಲ. ಕಿತ್ತ ಕೂದಲು ಮತ್ತೆ ಬೆಳೆಯುತ್ತದೆ, ದೇಹವನ್ನು ಅಲಂಕರಿಸುವ ಮೋಹವಷ್ಟೇ ಕಳಚುತ್ತದೆ.

ಮೈಸೂರು ಸರ್ಕಾರವು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು. ಆಗ ಹರಕೆ ಅಳಿಯಲಿಲ್ಲ, ರೂಪ ಬದಲಿಸಿತು. ಬೆರಳ ತುದಿಗೆ ಚಿನ್ನದ ಅಥವಾ ಬೆಳ್ಳಿಯ ಕುಪ್ಪಿಗೆಯನ್ನು ತೊಡಿಸಿ, ಬೆರಳಿಗೆ ಬದಲಾಗಿ ಅದನ್ನೇ ಕಳಚುವ ಕ್ರಮ ಬಂದಿತು.

ಇಲ್ಲಿ ಜೈನ ಓದುಗರಿಗೆ ಜನ್ನನ ಯಶೋಧರ ಚರಿತೆ ನೆನಪಾಗದಿರದು. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಯಶೋಧರನು ಸಂಕಲ್ಪಹಿಂಸೆಯ ಫಲವಾಗಿ ಭವಭವಗಳಲ್ಲಿ ತೊಳಲಿದನು. ಹಾಗಾದರೆ ಬೆಳ್ಳಿಯ ಕುಪ್ಪಿಗೆಯೂ ಹಿಟ್ಟಿನ ಕೋಳಿಯೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಯಶೋಧರನು ಖಡ್ಗವೆತ್ತಿದಾಗ ಅಲ್ಲಿ ಅನ್ಯಜೀವಿಯನ್ನು ಕೊಲ್ಲುವ ಭಾವವಿತ್ತು. ಈ ತಾಯಿಯಲ್ಲಿದ್ದುದು ಮಗುವಿನ ಬಗೆಗಿನ ಆತಂಕ. ಆ ಆತಂಕವನ್ನು ನಿಷೇಧಾಜ್ಞೆ ಹೋಗಲಾಡಿಸದಿರಬಹುದು. ಆದರೆ ಮಗಳ ಕಿವಿ ಚುಚ್ಚಿಸಿದ ಮರುದಿನ ಆಕೆ ಹತ್ತು ಬೆರಳುಗಳೊಡನೆ ಹೊಲಕ್ಕೆ ಹೋಗಬಹುದಾಗಿತ್ತು.