ಬರೋಡದಲ್ಲಿ ಒಂದು ಸೂರಿಗಾಗಿ



ಬಾಡಿಗೆ ಮನೆಗಾಗಿ ಬೀದಿ ಬೀದಿ ಅಲೆದವರು ಒಂದು ಗಳಿಗೆಯನ್ನು ಚೆನ್ನಾಗಿ ಬಲ್ಲರು. ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರಿನ ಅನುಕೂಲ ಹೇಗೆ ಎಂಬ ಮಾತುಗಳೆಲ್ಲ ಮುಗಿದಿರುತ್ತವೆ. ಆಗ ಮನೆಯ ಯಜಮಾನರು ಮೆಲ್ಲನೆ ಕೇಳುತ್ತಾರೆ: “ತಾವು ಯಾವ ಜನ?” ಮನೆ ದೊರೆಯುವುದೂ ಕೈತಪ್ಪುವುದೂ ಅನೇಕ ವೇಳೆ ಆ ಉತ್ತರದ ಮೇಲೆ ನಿಂತಿರುತ್ತದೆ. ಈ ಪ್ರಶ್ನೆ ನಮ್ಮ ದೇಶದ ಒಬ್ಬ ಮಹಾಪುರುಷನನ್ನು ಹೇಗೆ ಬೀದಿಗೆ ನಿಲ್ಲಿಸಿತೆಂಬುದನ್ನು ನಾವು ಮರೆಯಲಾಗದು.

ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ನೀಡಿದ ವಿದ್ಯಾರ್ಥಿವೇತನದಿಂದ ಭೀಮರಾವ್ ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕಕ್ಕೆ ತೆರಳಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಎಂ.ಎ. ಪದವಿ ಪಡೆದು, ಬಳಿಕ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿದರು. ವಿದ್ಯಾರ್ಥಿವೇತನದ ಕರಾರಿನಂತೆ ಬರೋಡ ಸಂಸ್ಥಾನದ ಸೇವೆಗೆಂದು 1917ರಲ್ಲಿ ಅವರು ಆ ನಗರಕ್ಕೆ ಬಂದಿಳಿದರು. ಆಗ ಅವರಿಗೆ 26 ವರ್ಷ.

ರೈಲು ನಿಲ್ದಾಣದಲ್ಲಿಯೇ ಅವರನ್ನು ಕಾಡಿದ ಚಿಂತೆ, ಉಳಿದುಕೊಳ್ಳುವುದೆಲ್ಲಿ ಎಂಬುದು. ಹಿಂದೂ ಹೋಟೆಲುಗಳು ಅಸ್ಪೃಶ್ಯನೆಂದು ತಿಳಿದರೆ ಸೇರಿಸುವಂತಿರಲಿಲ್ಲ. ಪಾರ್ಸಿ ಧರ್ಮದಲ್ಲಿ ಅಸ್ಪೃಶ್ಯತೆ ಇಲ್ಲವೆಂಬ ಭರವಸೆಯಿಂದ ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರ ಮೀಸಲಾಗಿತ್ತು. ಆದರೆ ಅತಿಥಿಗಳೇ ಬಾರದ ಆ ಮನೆಯ ವೃದ್ಧ ಮೇಲ್ವಿಚಾರಕನಿಗೂ ಹಣ ಬೇಕಾಗಿತ್ತು. ದಿನಕ್ಕೆ ಒಂದೂವರೆ ರೂಪಾಯಿಯಂತೆ ಊಟ, ವಸತಿ ನಿಶ್ಚಯವಾಯಿತು. ದಾಖಲೆ ಪುಸ್ತಕದಲ್ಲಿ ಒಂದು ಪಾರ್ಸಿ ಹೆಸರು ಬರೆಯಲಾಯಿತು. ವಿದ್ಯುದ್ದೀಪವಿಲ್ಲದ, ಹಳೆಯ ಸಾಮಾನು ತುಂಬಿದ ಮಹಡಿಯಲ್ಲಿ ಲಾಟೀನಿನ ಬೆಳಕಿನಲ್ಲಿ ಓದುತ್ತ ಅವರು ರಾತ್ರಿಗಳನ್ನು ಕಳೆದರು. ಸರ್ಕಾರಿ ಬಂಗಲೆಗಾಗಿ ಸಲ್ಲಿಸಿದ್ದ ಅರ್ಜಿ ಒಬ್ಬ ಅಧಿಕಾರಿಯಿಂದ ಇನ್ನೊಬ್ಬ ಅಧಿಕಾರಿಗೆ ಅಲೆಯುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ವೇಳೆಗೆ, ಕೈಯಲ್ಲಿ ಕೋಲು ಹಿಡಿದ ಸುಮಾರು ಹನ್ನೆರಡು ಮಂದಿ ಪಾರ್ಸಿಗಳು ಮಹಡಿಯೇರಿ ಬಂದರು. ವಸತಿಗೃಹವನ್ನು ಅಪವಿತ್ರಗೊಳಿಸಿದೆಯೆಂದು ಬೈದು, ಸಂಜೆಯೊಳಗೆ ಜಾಗ ಬಿಡಬೇಕೆಂದು ಬೆದರಿಸಿ ಹೋದರು.

ಅಂಬೇಡ್ಕರ್ ಅವರಿಗೆ ನಗರದಲ್ಲಿ ಇಬ್ಬರು ಸ್ನೇಹಿತರಿದ್ದರು. ಒಬ್ಬರು ಹಿಂದೂ, ಮತ್ತೊಬ್ಬರು ಭಾರತೀಯ ಕ್ರೈಸ್ತರು. ಹಿಂದೂ ಸ್ನೇಹಿತರು ಬಹಳ ನೊಂದುಕೊಂಡರು. ಆದರೆ ನೀವು ಬಂದರೆ ನಮ್ಮ ಮನೆಯ ಆಳುಗಳು ಬಿಟ್ಟುಹೋಗುತ್ತಾರೆಂದರು. ಕ್ರೈಸ್ತ ಸ್ನೇಹಿತರು, ತಮ್ಮ ಪತ್ನಿ ಮರುದಿನ ಊರಿಗೆ ಬರುವವರಿದ್ದಾರೆ, ಅವರನ್ನು ಕೇಳಿ ಹೇಳುತ್ತೇನೆಂದರು. ಆ ದಂಪತಿ ಮೂಲತಃ ಬ್ರಾಹ್ಮಣ ಕುಟುಂಬದವರು. ಮತಾಂತರದ ಬಳಿಕ ಪತಿಯ ವಿಚಾರಗಳು ಉದಾರವಾಗಿದ್ದರೂ ಪತ್ನಿ ಹಳೆಯ ಮಡಿಯನ್ನು ಬಿಟ್ಟಿರಲಿಲ್ಲವೆಂದು ಅಂಬೇಡ್ಕರ್ ಅವರಿಗೆ ಅನಂತರ ತಿಳಿಯಿತು. ಅಂದು ಅವರು ಕಾಮಾಟಿ ಬಾಗ್ ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಮರಳಿದರು. 1930ರ ದಶಕದಲ್ಲಿ ಬರೆದ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದ ಪುಟಗಳಲ್ಲಿ ಈ ಘಟನೆಯನ್ನು ಅವರೇ ದಾಖಲಿಸಿದ್ದಾರೆ.

ಓದುಗರೇ, ಈ ಕಥೆಯಲ್ಲಿ ಕೋಲು ಹಿಡಿದವರನ್ನು ಖಂಡಿಸುವುದು ಸುಲಭ. ಕೋಲು ಹಿಡಿಯದವರ ವಿಷಯವೇನು? ಇಬ್ಬರು ಸ್ನೇಹಿತರೂ ಒರಟು ಮಾತಾಡಲಿಲ್ಲ, ದ್ವೇಷಿಸಲಿಲ್ಲ. ಒಬ್ಬರು ಆಳುಗಳನ್ನು ಮುಂದೆ ಮಾಡಿದರು, ಇನ್ನೊಬ್ಬರು ಪತ್ನಿಯನ್ನು. ಬಾಗಿಲು ಮಾತ್ರ ತೆರೆಯಲಿಲ್ಲ. ದೀಕ್ಷಾಸ್ನಾನದ ನೀರು ಹಣೆಯನ್ನು ತೋಯಿಸಿದರೂ ಮನೆಯ ಹೊಸ್ತಿಲನ್ನು ಮುಟ್ಟದೆ ಉಳಿಯಬಹುದೆಂಬುದಕ್ಕೆ ಕ್ರೈಸ್ತರಾದ ನಾವು ಈ ಘಟನೆಯನ್ನು ಬಿಟ್ಟು ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಅದೇ ಅಂಬೇಡ್ಕರ್ ಅವರು ಕರಡು ಸಮಿತಿಯ ಅಧ್ಯಕ್ಷರಾಗಿ ರೂಪಿಸಿದ ಸಂವಿಧಾನ 1950ರಲ್ಲಿ ಜಾರಿಗೆ ಬಂದಿತು. ಅದರ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಕಾನೂನು ಹೋಟೆಲು, ಧರ್ಮಶಾಲೆಗಳಲ್ಲಿ ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಯಾವುದೇ ಬಡಾವಣೆಯಲ್ಲಿ ಮನೆ ಪಡೆದು ವಾಸಿಸುವ ಹಕ್ಕಿಗೂ ರಕ್ಷಣೆ ನೀಡಿತು. ಆದರೂ ದೆಹಲಿ ಮತ್ತು ಸುತ್ತಲಿನ ನಗರಗಳ ಬಾಡಿಗೆ ಮನೆಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಲಿತರಿಗೂ ಮುಸ್ಲಿಮರಿಗೂ ಹೆಸರಿನ ಕಾರಣದಿಂದಲೇ ಮನೆ ತಪ್ಪುತ್ತಿರುವುದನ್ನು ತೋರಿಸಿತು. “ಮನೆ ಆಗಲೇ ಬೇರೆಯವರಿಗೆ ಒಪ್ಪಿಸಿಬಿಟ್ಟೆವು” ಎಂಬ ವಿನಯದ ಸುಳ್ಳನ್ನು ಯಾವ ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು?

ನಮ್ಮಲ್ಲಿ ಅನೇಕರು ಮಹಡಿಯ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು. ಬಾಡಿಗೆ ಸಲ್ಲುವುದೇ, ಮನೆಯನ್ನು ಜೋಪಾನವಾಗಿ ನೋಡಿಕೊಳ್ಳುವರೇ ಎಂದು ವಿಚಾರಿಸುವುದು ನ್ಯಾಯ. ಅದರಾಚೆಗೆ ಇನ್ನೊಂದು ಪ್ರಶ್ನೆ ನಾಲಗೆಯ ತುದಿಗೆ ಬಂದಾಗ, ನೆರೆಹೊರೆಯವರು ಒಪ್ಪುವುದಿಲ್ಲ, ಮನೆಯ ಹಿರಿಯರು ಸಮ್ಮತಿಸುವುದಿಲ್ಲ ಎಂಬ ನೆಪ ಸಿದ್ಧವಾಗಿದ್ದಾಗ, ಬರೋಡದ ಉದ್ಯಾನದಲ್ಲಿ ರೈಲಿಗೆ ಕಾದು ಕುಳಿತ ಆ ತರುಣನನ್ನು ಒಮ್ಮೆ ನೆನೆಯೋಣ. ಮನೆ ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತವರಿಗೆ, ಆ ಕ್ರೈಸ್ತ ಸ್ನೇಹಿತರು ಕೊಡಲಾಗದ ಉತ್ತರವನ್ನು ನಾವಾದರೂ ಕೊಡೋಣ.