ಅಗ್ಗದ ಕ್ಯಾಮೆರಾ ನಮ್ಮ ಸೀಮೆಗೆ ಬಂದ ದಾರಿ

‘ಐದಾರು ಸಾವಿರದೊಳಗೆ ಒಂದು ಸಣ್ಣ ಕ್ಯಾಮೆರಾ ತಗೋಬೇಕು. ಯಾವುದು ತಗೊಂಡ್ರೆ ಛಲೋ?’ ಗ್ರಾಮೀಣ ಪತ್ರಿಕೋದ್ಯಮ ಓದಿದ ನಮ್ಮನ್ನು ದೇವದುರ್ಗ, ಮಾನ್ವಿ ಕಡೆಯ ಹುಡುಗರು, ಸಂಘದ ಅಕ್ಕಂದಿರು ಕೇಳುವ ಪ್ರಶ್ನೆ ಇದು. ಎಲ್ಲರ ಫೋನಿನಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲೂ ಈ ಪ್ರಶ್ನೆ ನಿಂತಿಲ್ಲ. ಹೀಗೆ ಕೇಳುವ ಹೆಚ್ಚಿನವರಿಗೆ ಬೇಕಿರುವುದು ಮದುವೆ ಫೋಟೊ ಅಲ್ಲ. ನೀರು ಬಾರದ ಕಾಲುವೆ, ಅರ್ಧಕ್ಕೆ ನಿಂತ ಮನೆ, ಮುಗಿದರೂ ಕೂಲಿ ಜಮೆಯಾಗದ ಬದುವಿನ ಕೆಲಸ ಇವುಗಳಿಗೆ ಒಂದು ಸಾಕ್ಷಿ ಬೇಕು.

ಯಾವುದೋ ಒಂದು ಕಂಪನಿಯ ಹೆಸರು ಹೇಳಿ ಸುಮ್ಮನಾಗಬಹುದು. ಆದರೆ ಮಾಡೆಲ್‌ಗಳು ವರ್ಷ ವರ್ಷ ಬದಲಾಗುತ್ತವೆ. ಬದಲಾಗದ ಪ್ರಶ್ನೆಗಳು ಮೂರು ಇವೆ. ಒಂದು ಫೋಟೊ ತೆಗೆಯಲು ಎಷ್ಟು ಖರ್ಚು? ಕರೆಂಟು ಇಲ್ಲದಾಗ ಕ್ಯಾಮೆರಾ ನಡೆಯುತ್ತದೆಯೇ? ತೆಗೆದ ಫೋಟೊ ಕೊನೆಗೆ ಯಾರ ಹತ್ತಿರ ಉಳಿಯುತ್ತದೆ? ರಾಯಚೂರು ಸೀಮೆಯ ಹಳೆಯ ಕಥೆ ನೋಡಿದರೆ ಈ ಮೂರೂ ಎಷ್ಟು ಮುಖ್ಯ ಎಂದು ತಿಳಿಯುತ್ತದೆ.

ಕಲ್ಲಿನ ಮೇಲಿನ ಕೆಲಸದ ಚಿತ್ರ

ರಾಯಚೂರು ನಗರದ ಕೋಟೆಯ ಪಶ್ಚಿಮದ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಬಂಡೆ ಇದೆ. ಅದರ ಮೇಲೆ ಕಾಕತೀಯರ ಕಾಲದ, ಕ್ರಿ.ಶ. 1294ರ ತೆಲುಗು ಶಾಸನವಿದೆ. ಆ ಬಂಡೆಯನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಕಾಮಗಾರಿಯ ಫೋಟೊ. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಶಾಸನದಲ್ಲಿದೆ. ಬಂಡೆ ಎಳೆದವರು ಚಿತ್ರದಲ್ಲಷ್ಟೇ ಇದ್ದಾರೆ. ಚಿತ್ರ ಬರೆಸಿದವನು ಒಬ್ಬ, ಚಿತ್ರದಲ್ಲಿ ದುಡಿಯುವವರು ಇನ್ನೊಬ್ಬರು. ಕ್ಯಾಮೆರಾ ಬಂದ ಮೇಲೂ ಈ ಪದ್ಧತಿ ಬಹಳ ಕಾಲ ಹೀಗೇ ನಡೆಯಿತು.

ಸಾಹೇಬರ ಕ್ಯಾಮೆರಾ

ಫ್ರಾನ್ಸಿನಲ್ಲಿ ಫೋಟೊ ತೆಗೆಯುವ ವಿದ್ಯೆಯನ್ನು ಜಗತ್ತಿಗೆ ಸಾರಿದ್ದು 1839ರಲ್ಲಿ. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಬೊಂಬಾಯಿ ಕಡೆಯ ಹಳಿಯೂ ಮದರಾಸಿನ ಹಳಿಯೂ ಇಲ್ಲೇ ಕೂಡಿದವು. ಆಗ ಇದು ಹೈದರಾಬಾದ್ ನಿಜಾಮರ ಸೀಮೆ. ಅಲ್ಲಿನ ಆರನೆಯ ನಿಜಾಮನಿಗೆ ಲಾಲಾ ದೀನ್ ದಯಾಳ್ ಎಂಬ ಪ್ರಸಿದ್ಧ ಫೋಟೊಗ್ರಾಫರ್ ಇದ್ದರು. ಅರಮನೆ, ಬೇಟೆ, ದರ್ಬಾರು, ದೊಡ್ಡ ಅಧಿಕಾರಿಗಳ ಭೇಟಿ ಅವರ ಗಾಜಿನ ಫಲಕಗಳಲ್ಲಿ ಸೆರೆಯಾದವು. ಒಂದು ಫೋಟೊ ಎಂದರೆ ದೊಡ್ಡ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ರಾಸಾಯನಿಕ, ಹೊರಲು ಆಳುಗಳು. ಅಷ್ಟು ಖರ್ಚು ಮಾಡುವವರು ಯಾರ ಚಿತ್ರ ತೆಗೆಸುತ್ತಾರೆ ಎಂದು ಹೇಳಬೇಕಾಗಿಲ್ಲ.

ಬಡವರ ಚಿತ್ರ ತೆಗೆದವರೂ ಇದ್ದರು. 1876ರಿಂದ 1878ರವರೆಗಿನ ದೊಡ್ಡ ಬರ ಮದರಾಸು, ಮೈಸೂರು, ಹೈದರಾಬಾದ್ ಸೀಮೆಗಳನ್ನು ಸುಟ್ಟಿತು. ಮದರಾಸು ಸೇನೆಯ ಅಧಿಕಾರಿ ವಿಲೋಬಿ ಹೂಪರ್ ಆಗ ಎಲುಬು ಕಾಣುವ ಜನರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದ. ಬರ ಎಷ್ಟು ಭೀಕರವಾಗಿತ್ತೆಂದು ಇವತ್ತಿಗೂ ಆ ಚಿತ್ರಗಳಿಂದ ಗೊತ್ತಾಗುತ್ತದೆ. ಆದರೆ ಹಸಿದವರನ್ನು ಕ್ಯಾಮೆರಾ ಮುಂದೆ ಕೂರಿಸಿದವನು ಅವರಿಗೆ ಅನ್ನ ಕೊಟ್ಟನೇ ಎಂಬ ಪ್ರಶ್ನೆ ಆ ಕಾಲದಲ್ಲೇ ಎದ್ದಿತ್ತು. ಆ ಚಿತ್ರಗಳಲ್ಲಿರುವವರ ಹೆಸರು ನಮಗೆ ಗೊತ್ತಿಲ್ಲ. ತಮ್ಮ ಮುಖ ಎಲ್ಲಿಗೆ ಹೋಯಿತೆಂದು ಅವರಿಗೂ ಗೊತ್ತಾಗಲಿಲ್ಲ.

ಅಮೆರಿಕದ ಕೊಡಕ್ ಕಂಪನಿ 1888ರಲ್ಲಿ ಕೈಯಲ್ಲಿ ಹಿಡಿಯುವ ಕ್ಯಾಮೆರಾ ತಂದಿತು. 1900ರಲ್ಲಿ ಒಂದೇ ಡಾಲರಿಗೆ ಬ್ರೌನಿ ಎಂಬ ಡಬ್ಬಿ ಕ್ಯಾಮೆರಾ ಮಾರಿತು. ಕೈಗೆ ಎಟುಕುವ ಕ್ಯಾಮೆರಾ ಏನು ಮಾಡಬಲ್ಲದು ಎಂಬುದನ್ನು ಆಫ್ರಿಕಾದ ಕಾಂಗೊ ತೋರಿಸಿತು. ಅಲ್ಲಿ ರಬ್ಬರಿಗಾಗಿ ಬೆಲ್ಜಿಯಂ ರಾಜನ ಕಡೆಯವರು ಕೂಲಿಗಳ ಕೈ ಕಡಿಯುತ್ತಿದ್ದರು. ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಹೆಣ್ಣುಮಗಳು ತೆಗೆದ ಚಿತ್ರಗಳು ಯೂರೋಪು, ಅಮೆರಿಕದ ಸಭೆಗಳಲ್ಲಿ ಪರದೆಯ ಮೇಲೆ ಬಂದವು. ಲಂಚ ಕೊಟ್ಟು ಬಾಯಿ ಮುಚ್ಚಿಸಲಾಗದ ಸಾಕ್ಷಿ ಈ ಕ್ಯಾಮೆರಾ ಒಂದೇ ಎಂಬರ್ಥದಲ್ಲಿ ಲೇಖಕ ಮಾರ್ಕ್ ಟ್ವೇನ್ 1905ರಲ್ಲಿ ಬರೆದ. ರಾಜ 1908ರಲ್ಲಿ ಕಾಂಗೊ ಬಿಟ್ಟುಕೊಡಬೇಕಾಯಿತು.

ರೀಲಿನ ಕಾಲ

ನಮ್ಮಲ್ಲಿ ಅಂಥ ಕ್ಯಾಮೆರಾ ಜನರ ಕೈಗೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ನಂತರದ ವರ್ಷಗಳಲ್ಲಿ ಅನುಕೂಲಸ್ಥರ ಮನೆಗಳಿಗೆ ಅಗ್ಫಾ ಕ್ಲಿಕ್ 3 ಎಂಬ ಪೆಟ್ಟಿಗೆಯಂಥ ಕ್ಯಾಮೆರಾ ಬಂತು. ಒಂದು ರೀಲಿಗೆ 12 ಫೋಟೊ. ಸರ್ಕಾರದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ 1960ರಲ್ಲಿ ಊಟಿಯಲ್ಲಿ ಶುರುವಾಗಿ, ‘ಇಂದು’ ಹೆಸರಿನ ಕಪ್ಪು ಬಿಳುಪು ಫಿಲ್ಮು ಮಾಡಿತು. 80ರ ದಶಕದಲ್ಲಿ ಹಾಟ್ ಶಾಟ್, ಯಾಷಿಕಾ ಬಂದವು. 36 ಫೋಟೊದ ಬಣ್ಣದ ರೀಲು ಮಾಮೂಲಾಯಿತು.

ಆದರೂ ಹಳ್ಳಿಯವರಿಗೆ ಫೋಟೊ ಎಂದರೆ ಪೇಟೆಯ ಸ್ಟುಡಿಯೊ. ಹಿಂದೆ ಬಣ್ಣ ಬಳಿದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಮೇಜಿನ ಮೇಲೆ ಪೌಡರು, ಬಾಚಣಿಗೆ. ಕ್ಯಾಮೆರಾ ಇದ್ದವರಿಗೂ ರೀಲು ಕೊಳ್ಳಬೇಕು, ತೊಳೆಸಬೇಕು, ಪ್ರಿಂಟು ಹಾಕಿಸಬೇಕು. ಕ್ಯಾಮೆರಾ ಒಂದೇ ಸಲ ಕೊಂಡರೂ ಪ್ರತಿ ಕ್ಲಿಕ್ಕಿಗೂ ಕಾಸು ಬೀಳುತ್ತಿತ್ತು. ಬಿರುಕು ಬಿಟ್ಟ ಕಾಲುವೆಗೆ ಯಾರು ರೀಲು ಖರ್ಚು ಮಾಡುತ್ತಾರೆ? ಸ್ಟುಡಿಯೊದಲ್ಲಿ ತೆಗೆಸಿದರೆ ನೆಗೆಟಿವ್ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ಪ್ರಿಂಟು ಮಾತ್ರ.

ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ ಫೋಟೊ ಇರುವ ಮತದಾರರ ಚೀಟಿಗೆ ಆದೇಶವಾಯಿತು. ಊರಿನ ಶಾಲೆಯ ಗೋಡೆಗೆ ಆನಿಸಿ, ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿ ಫೋಟೊ ತೆಗೆದರು. ಎಷ್ಟೋ ಅಜ್ಜ ಅಜ್ಜಿಯರ ಬದುಕಿನ ಏಕೈಕ ಫೋಟೊ ಅದೇ. ಅವರು ತೀರಿಕೊಂಡ ಮೇಲೆ ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ ಮನೆಗಳು ನಮ್ಮ ಊರುಗಳಲ್ಲಿ ಈಗಲೂ ಇವೆ.

ರೀಲಿಲ್ಲದ ಪೆಟ್ಟಿಗೆ

1975ರಲ್ಲಿ ಕೊಡಕ್ ಕಂಪನಿಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದ. ತೂಕ ಸುಮಾರು 3.6 ಕಿಲೊ, ನಡೆಸಲು 16 ಸೆಲ್ಲು. ಒಂದು ಫೋಟೊ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಸ್ಪಷ್ಟತೆ 0.01 ಮೆಗಾಪಿಕ್ಸೆಲ್. ಆದರೆ ಅದರಲ್ಲಿ ರೀಲು ಇರಲಿಲ್ಲ, ತೊಳೆಸುವುದೂ ಇರಲಿಲ್ಲ. ರೀಲು ಮಾರಿಯೇ ಬದುಕಿದ್ದ ಕೊಡಕ್ ಆ ದಾರಿಯಲ್ಲಿ ಗಟ್ಟಿಯಾಗಿ ನಡೆಯಲಿಲ್ಲ. 2012ರ ಜನವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು.

2000ದ ನಂತರ ಜೇಬಿನಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾಗಳು ಅಗ್ಗವಾಗುತ್ತ ಬಂದವು. ಕ್ಯಾನನ್‌ನ ಪವರ್‌ಶಾಟ್ ಎ, ನಿಕಾನ್‌ನ ಕೂಲ್‌ಪಿಕ್ಸ್ ಎಲ್, ಸೋನಿಯ ಸೈಬರ್‌ಶಾಟ್, ಕೊಡಕ್‌ನ ಈಸಿಶೇರ್. 2010ರ ಹೊತ್ತಿಗೆ ಐದಾರು ಸಾವಿರಕ್ಕೂ ಸಿಗುತ್ತಿದ್ದವು. ಅಂಗಡಿಯವರು ಮೆಗಾಪಿಕ್ಸೆಲ್ ಎಣಿಸಿ ಮಾರಿದರು. ಆದರೆ ಇವುಗಳ ಒಳಗಿನ ಸೆನ್ಸರು ಕಿರುಬೆರಳ ಉಗುರಿನಷ್ಟೇ. ಅಷ್ಟೇ ಜಾಗದಲ್ಲಿ 8ರ ಬದಲು 16 ಮೆಗಾಪಿಕ್ಸೆಲ್ ತುರುಕಿದರೆ ಸಂಜೆಯ ಮಂದ ಬೆಳಕಿನಲ್ಲಿ ಚಿತ್ರ ಸುಧಾರಿಸುವುದಿಲ್ಲ, ಕಾಳು ಕಾಳು ಆಗುವುದೇ ಹೆಚ್ಚು.

ನಮ್ಮ ಕಡೆ ಮುಖ್ಯವಾಗಿದ್ದದ್ದು ಕರೆಂಟು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ರಾಜ್ಯಕ್ಕೆಲ್ಲ ವಿದ್ಯುತ್ ಕೊಡುತ್ತಿದೆ. ಅದರ ಬೂದಿ ನಮಗೆ, ಬೆಳಕು ಬೇರೆಯವರಿಗೆ ಎಂದು ನಮ್ಮ ಜನ ಆಡಿಕೊಂಡದ್ದುಂಟು. ಚಾರ್ಜು ಮಾಡುವ ಬ್ಯಾಟರಿಯ ಕ್ಯಾಮೆರಾ ಕರೆಂಟು ಹೋದ ದಿನ ಸುಮ್ಮನೆ ಕೂರುತ್ತಿತ್ತು. ಪವರ್‌ಶಾಟ್ ಎ ಮತ್ತು ಕೂಲ್‌ಪಿಕ್ಸ್ ಎಲ್ ಸಾಲಿನ ಹಲವು ಕ್ಯಾಮೆರಾಗಳಿಗೆ ಎರಡು ಪೆನ್ಸೆಲ್ ಹಾಕಿದರೆ ಸಾಕಾಗಿತ್ತು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಹತ್ತಿಪ್ಪತ್ತು ಫೋಟೊಕ್ಕೇ ಸುಸ್ತಾಗುತ್ತಿತ್ತು. ಆಲ್ಕಲೈನ್ ಅಥವಾ ಚಾರ್ಜು ಆಗುವ ನಿಕ್ಕಲ್ ಸೆಲ್ಲು ಹಾಕಿದರೆ ದಿನಗಟ್ಟಲೆ ನಡೆಯುತ್ತಿತ್ತು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರಾ, ಕೃಷ್ಣಾ ಎರಡೂ ಉಕ್ಕಿದವು. ರಾಯಚೂರು, ಮಾನ್ವಿ ತಾಲೂಕುಗಳ ಹೊಳೆದಂಡೆಯ ಊರುಗಳು ಮುಳುಗಿದವು. ಹೊಳೆಯಾಚೆ ಮಂತ್ರಾಲಯಕ್ಕೂ ನೀರು ನುಗ್ಗಿತು. ಮಣ್ಣಿನ ಮನೆ ಬಿದ್ದರೆ ನೀರು ಇಳಿಯುವಷ್ಟರಲ್ಲಿ ಗುಡ್ಡೆ ಮಣ್ಣಾಗುತ್ತದೆ. ಅಲ್ಲಿ ಎಷ್ಟು ಅಂಕಣದ ಮನೆ ಇತ್ತೆಂದು ಪಂಚನಾಮೆಗೆ ಬಂದವರಿಗೆ ಹೇಗೆ ತೋರಿಸುವುದು? ಖರ್ಚಿಲ್ಲದೆ ನೂರು ಫೋಟೊ ತೆಗೆಯಬಲ್ಲ ಕ್ಯಾಮೆರಾದ ಬೆಲೆ ಅಂಥ ದಿನಗಳಲ್ಲಿ ತಿಳಿಯುತ್ತದೆ.

ಮತ್ತೆ ಕೂಲಿಯವರ ಮೇಲೆ ಕ್ಯಾಮೆರಾ

ಜಗತ್ತಿನಲ್ಲಿ ಡಿಜಿಟಲ್ ಕ್ಯಾಮೆರಾ ಅತಿ ಹೆಚ್ಚು ಮಾರಾಟವಾದದ್ದು 2010ರಲ್ಲಿ, ಸುಮಾರು 12 ಕೋಟಿ. ಹತ್ತೇ ವರ್ಷದಲ್ಲಿ, 2020ಕ್ಕೆ, ಅದು 90 ಲಕ್ಷಕ್ಕೂ ಕೆಳಗೆ ಇಳಿಯಿತು. ಆ ಜಾಗವನ್ನು ಫೋನು ತಗೊಂಡಿತು.

ಉದ್ಯೋಗ ಖಾತ್ರಿಯಲ್ಲೂ ಫೋಟೊ ಬಂತು. ಎನ್ಎಂಎಂಎಸ್ ಎಂಬ ಆ್ಯಪ್ 2021ರಲ್ಲಿ ಶುರುವಾಗಿ, 2023ರ ಜನವರಿ 1ರಿಂದ ಎಲ್ಲ ಸಾಮೂಹಿಕ ಕೆಲಸಗಳಿಗೆ ಕಡ್ಡಾಯವಾಯಿತು. ಕಾಯಕ ಬಂಧು ದಿನಕ್ಕೆ ಎರಡು ಸಲ ಕೂಲಿಯವರ ಫೋಟೊ ತೆಗೆದು ಏರಿಸಬೇಕು. ಕಳ್ಳ ಹಾಜರಿ ತಡೆಯುವುದು ಉದ್ದೇಶ. ಆದರೆ ನೆಟ್‌ವರ್ಕ್ ಸಿಗದ ಹೊಲದಲ್ಲಿ ಬೆವರು ಸುರಿಸಿದವರ ಹಾಜರಿ ಹೋದದ್ದೂ ಉಂಟು. ಇನ್ನೊಂದು ಕಡೆ, ಫೋಟೊದ ಫೋಟೊ ತೆಗೆದು, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರ ಹಾಕಿ ಹಾಜರಿ ತೋರಿಸುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು. ಆ ವರ್ಷ ಕರ್ನಾಟಕದಲ್ಲಿ ದಿನದ ಕೂಲಿ 370 ರೂಪಾಯಿ. ಫೋಟೊ ಏರದಿದ್ದರೆ ಹೋಗುವುದು ಆ ದುಡ್ಡು.

ಇಲ್ಲಿ ಮೂರನೆಯ ಪ್ರಶ್ನೆ ಎದುರಾಗುತ್ತದೆ. ಆ ಎರಡು ಫೋಟೊ ಆ್ಯಪಿನೊಳಗೆ ಹೋಗುತ್ತವೆ, ಕೂಲಿಯವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಂಡದ ಹತ್ತಿರ ಅದೇ ದಿನದ, ಅದೇ ಹೊಲದ, ಅದೇ ಮುಖಗಳ ತಮ್ಮದೇ ಫೋಟೊ ಇದ್ದರೆ ಪಂಚಾಯಿತಿಯ ಪಿಡಿಒ ಮುಂದೆ ಮಾತಾಡುವ ಧಾಟಿಯೇ ಬೇರೆ. ಮಾನ್ವಿಯ ರೈತರಿಗೂ ಇದೇ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ಗೇಜಿನಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಕೊನೆ ಭಾಗದವರ ಪ್ರತಿ ಹಂಗಾಮಿನ ಜಗಳ. ಗೇಜಿನ ಅಂಕಿ ಕಾಣುವ, ತಾರೀಖು ಇರುವ ಫೋಟೊ ಹತ್ತು ಮನವಿ ಪತ್ರಕ್ಕೆ ಸಮ.

ಹಾಗಾದರೆ ಈಗ ಯಾವುದು ಕೊಳ್ಳುವುದು?

ಒಳ್ಳೆಯ ಫೋನು ಇದ್ದವರು ಮೊದಲು ಅದನ್ನೇ ಬಳಸಿ. ಹತ್ತಿರದ ಮುಖ, ಕಾಗದಪತ್ರ, ಒಡೆದ ಗೋಡೆಗೆ ಅದು ಸಾಕು. ದೂರದ್ದು ಬೇಕಾದಾಗ, ಅಂದರೆ ಕಾಲುವೆಯ ಆಚೆ ದಂಡೆ, ಹೊಳೆ ನಡುವಿನ ಮರಳಿನ ಯಂತ್ರ, ಇಂಥದ್ದಕ್ಕೆ ಸಣ್ಣ ಕ್ಯಾಮೆರಾ ಮೇಲು. ಅದರಲ್ಲಿ ನೋಡಬೇಕಾದದ್ದು ಆಪ್ಟಿಕಲ್ ಜೂಮ್. ಡಿಜಿಟಲ್ ಜೂಮ್ ಎಂದರೆ ತೆಗೆದ ಚಿತ್ರವನ್ನೇ ಹಿಗ್ಗಿಸುವುದು, ಅದಕ್ಕೆ ದುಡ್ಡು ಕೊಡಬೇಡಿ.

ಐದಾರು ಸಾವಿರಕ್ಕೆ ಇವತ್ತು ಸಿಗುವುದು ಹೆಚ್ಚಾಗಿ ಹಳೆಯದು. ಹಳೆಯ ಕ್ಯಾಮೆರಾಗಳ ಮೇಲೆ ಪಟ್ಟಣದ ಹುಡುಗರಿಗೆ ಮತ್ತೆ ಮೋಹ ಬಂದಿರುವುದರಿಂದ ಬೆಲೆ ಏರಿಸುವವರೂ ಇದ್ದಾರೆ. ಕೊಳ್ಳುವ ಮುಂಚೆ ಆನ್ ಮಾಡಿ ಲೆನ್ಸು ಸಲೀಸಾಗಿ ಹೊರಬರುತ್ತದೆಯೇ ನೋಡಿ, ನಮ್ಮ ಧೂಳಿಗೆ ಮೊದಲು ಸಿಕ್ಕಿಕೊಳ್ಳುವುದು ಅದೇ. ಬಿಳಿ ಗೋಡೆಯ ಫೋಟೊ ತೆಗೆದು ಕಪ್ಪು ಚುಕ್ಕೆ ಇದೆಯೇ ನೋಡಿ. ಎಸ್‌ಡಿ ಕಾರ್ಡು ಹಾಕುವಂಥದ್ದನ್ನೇ ಆರಿಸಿ. ಕೆಲವು ಹಳೆಯ ಒಲಿಂಪಸ್, ಫ್ಯೂಜಿಗೆ ಬೇಕಾದ ಎಕ್ಸ್‌ಡಿ ಕಾರ್ಡು ಈಗ ತಯಾರಾಗುವುದಿಲ್ಲ. ಬಹಳ ಹಳೆಯ ಕ್ಯಾಮೆರಾ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದದೆ ಇರಬಹುದು, ಅಂಗಡಿಯಲ್ಲೇ ಹಾಕಿ ನೋಡಿ. ಚಾರ್ಜರ್ ಇಲ್ಲದ ಕ್ಯಾಮೆರಾ ಎಷ್ಟು ಅಗ್ಗವಾದರೂ ಬೇಡ. ಪೆನ್ಸೆಲ್ ಹಾಕುವಂಥದ್ದು ಸಿಕ್ಕರೆ ಅದಕ್ಕೇ ನಮ್ಮ ಮತ.

ಕೊಂಡ ಮೇಲೆ ಮೊದಲ ಕೆಲಸ, ತಾರೀಖು ಮತ್ತು ಸಮಯ ಸರಿ ಮಾಡುವುದು. ಸೆಲ್ಲು ತೆಗೆದು ಬಹಳ ದಿನ ಇಟ್ಟರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಪ್ರತಿ ಸಲ ನೋಡಿಕೊಳ್ಳಿ. ತಪ್ಪು ತಾರೀಖಿನ ಫೋಟೊ ನಿಮ್ಮ ವಿರುದ್ಧವೇ ಸಾಕ್ಷಿ ಹೇಳೀತು. ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಫೋಟೊ ಕುಗ್ಗುತ್ತದೆ, ಒಳಗಿನ ತಾರೀಖಿನ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಮೂಲ ಫೋಟೊ ಅಳಿಸಬೇಡಿ, ಇನ್ನೊಂದು ಕಡೆ ನಕಲು ಇಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇಂಥ ಫೋಟೊದ ನಕಲನ್ನು ನ್ಯಾಯಾಲಯಕ್ಕೆ ಕೊಡುವಾಗ ಯಾವ ಸಾಧನದಿಂದ ಬಂದದ್ದು ಎಂಬ ಪ್ರಮಾಣಪತ್ರ ಬೇಕು. ಕ್ಯಾಮೆರಾ ರಸೀದಿಯನ್ನೂ ಕಾರ್ಡನ್ನೂ ಜೋಪಾನ ಮಾಡುವುದು ಇದಕ್ಕೇ.

ಫೋಟೊದಲ್ಲಿ ಇರುವವರನ್ನು ಮೊದಲು ಕೇಳಿ, ಅವರ ಹೆಸರು ಮತ್ತು ಅಂದಿನ ಕೆಲಸವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಬರದ ಚಿತ್ರಗಳಲ್ಲಿ ಇಲ್ಲದೇ ಹೋದದ್ದು ಅದೊಂದೇ. ಅದಕ್ಕೆ ಹತ್ತು ರೂಪಾಯಿಯ ಪೆನ್ನು ಸಾಕು.